ರಾಹುಕಾಲದಲ್ಲಿ ಹಾಕಿದ ಪ್ರೋಗ್ರಾಂ

ಫೋನಿನಲ್ಲಿ ಆ್ಯಪ್ ಇನ್‌ಸ್ಟಾಲ್ ಆಗುತ್ತಿಲ್ಲ ಎಂದು ಮೊನ್ನೆ ಒಬ್ಬರು ಇದೇ ಪತ್ರಿಕೆಯಲ್ಲಿ ಅರ್ಧ ಪುಟ ಗೋಳಾಡಿದ್ದರು. ಓದಿ ನಗು ಬಂತು. ಪ್ರೋಗ್ರಾಂ ಒಳಗೆ ಹೋಗಲಿಲ್ಲವೆಂದು ಒಂದು ಇಡೀ ಹೋಟೆಲಿನಲ್ಲಿ ದೋಸೆ ನಿಂತದ್ದನ್ನು ಕಂಡವನು ನಾನು.

ಎಂಬತ್ತರ ದಶಕದ ಕೊನೆ. ಮದ್ರಾಸಿನ ತ್ರಿಪ್ಲಿಕೇನಿನಲ್ಲಿ ನನ್ನ ದೊಡ್ಡಪ್ಪನ ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯಿಂದ ಹೋದ ನಾನು ಅಲ್ಲಿ ಟೋಕನ್ ಕೌಂಟರಿನಲ್ಲಿ ಕೂರುತ್ತಿದ್ದೆ. ಬೆನ್ನ ಹಿಂದೆಯೇ ಇಡ್ಲಿ ಬೇಯುವ ದೊಡ್ಡ ಪಾತ್ರೆ. ಮದ್ರಾಸಿನ ಸೆಕೆ ಎದುರಿನಿಂದ, ಇಡ್ಲಿಯ ಹಬೆ ಹಿಂದಿನಿಂದ. ಸಂಜೆಯ ಹೊತ್ತಿಗೆ ನನ್ನನ್ನೂ ತಟ್ಟೆಗೆ ಹಾಕಿ ಸಾಂಬಾರು ಸುರಿಯಬಹುದಿತ್ತು.

ಹೇಗಾದರೂ ಅಲ್ಲಿಂದ ಏಳಬೇಕೆಂದು ಸಂಜೆ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ. ಆಗ ಊರಲ್ಲೆಲ್ಲ ಕಂಪ್ಯೂಟರ್ ಜಾತಕದ ಹುಚ್ಚು. ದೊಡ್ಡಪ್ಪನಿಗೂ ಹಿಡಿಯಿತು. ಹೋಟೆಲಿನ ಪಕ್ಕದ ಉಗ್ರಾಣವನ್ನು ಖಾಲಿ ಮಾಡಿಸಿ ಗಾಜಿನ ಬಾಗಿಲಿಟ್ಟು, ಕಂಪ್ಯೂಟರಿಗೆ ಸೆಕೆ ಆಗದು ಎಂದು ಎಸಿ ಹಾಕಿಸಿದರು. ನನ್ನನ್ನು ಕರೆದು ಹೇಳಿದರು:

“ಭಾನುವಾರ ಬೆಳಿಗ್ಗೆ ಓಪನಿಂಗ್. ಅಷ್ಟರಲ್ಲಿ ಜಾತಕ ಬಂದ್ರೆ ಈ ಕ್ಯಾಬಿನ್ ನಿಂಗೆ. ಇಲ್ಲಾಂದ್ರೆ ವಾಪಸ್ ಟೋಕನ್ನಿಗೆ. ಗೊತ್ತಾಯ್ತಲ್ಲ?”

ಎಸಿ ಕ್ಯಾಬಿನ್! ನನಗೆ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಆಸೆ ಬೇರೆ ಇರಲಿಲ್ಲ. ಮದುವೆ ಕೂಡ ಆಮೇಲಿನದ್ದು.

ಮಂಗಳವಾರ ಕಂಪ್ಯೂಟರ್ ಬಂತು, ಜೊತೆಗೆ ಪ್ರಿಂಟರೂ. ಕಂಪನಿಯವನು ಜೋಡಿಸಿ ಹೋದ ಮೇಲೆ ಜಾತಕದ ಫ್ಲಾಪಿ ಹಾಕಿದೆ. ಪ್ರೋಗ್ರಾಂ ಸಲೀಸಾಗಿ ಒಳಗೆ ಹೋಯಿತು. ಕುಣಿದುಕೊಂಡು ಹೋಗಿ ಹೇಳಿದರೆ ದೊಡ್ಡಪ್ಪ ಗಡಿಯಾರ ನೋಡಿದರು. ಮೂರೂವರೆ.

“ಮಂಗಳವಾರ ಮೂರೂವರೆಗೆ ರಾಹುಕಾಲ ಅಲ್ವಾ ಮಾರಾಯ! ಜಾತಕದ ಮಷೀನಿಗೇ ರಾಹುಕಾಲವಾ? ಅಳಿಸು ಅದನ್ನು!”

ಅಳಿಸಿದೆ. ಸುಮ್ಮನೆ ಅಳಿಸಲಿಲ್ಲ, ಕ್ಲಾಸಿನಲ್ಲಿ ಕಲಿತದ್ದು ತೋರಿಸೋಣ ಎಂದು ಹಾರ್ಡ್ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿ ತೊಳೆದ ಬಾಣಲೆಯ ಹಾಗೆ ಮಾಡಿಟ್ಟೆ.

ಬುಧವಾರ ಬೆಳಿಗ್ಗೆ ಒಳ್ಳೆಯ ಹೊತ್ತು ನೋಡಿ ಮತ್ತೆ ಹಾಕಿದೆ. ಹೋಯಿತು. ಅಷ್ಟರಲ್ಲಿ ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ನನ್ನ ಎಡಗೈಯಲ್ಲಿ ಅರ್ಧ ತಿಂದ ಉದ್ದಿನ ವಡೆ.

“ಎಂಜಲು ಕೈಯಲ್ಲಿ ಗ್ರಹಗತಿ ಮುಟ್ಟಿದ್ಯಲ್ಲ ಮಾಣಿ, ನಿಂಗೆ ಎಂತ ಬಂದದ್ದು? ರೀ, ಇಲ್ಲಿ ಬನ್ನಿ!”

ಮತ್ತೆ ಅಳಿಸಿದೆ. ಗುರುವಾರ ಮಿಂದು, ಪಂಚೆ ಉಟ್ಟು, ಖಾಲಿ ಹೊಟ್ಟೆಯಲ್ಲಿ ಕೂತು ಹಾಕಿದೆ. ಅದೂ ಹೋಯಿತು. ಈ ಸಲ ಬಂದದ್ದು ಭಟ್ಟರು. ಅವರು ಹೋಟೆಲಿನ ದೇವರ ಕೋಣೆಯಲ್ಲಿ ದಿನಾ ಪೂಜೆ ಮಾಡಿ, ಉಳಿದ ಹೊತ್ತು ಗುರುತಿನವರಿಗೆ ಕೈಯಲ್ಲೇ ಜಾತಕ ಬರೆದುಕೊಡುತ್ತಿದ್ದವರು.

“ಶುಕ್ರವಾರ ಏಳೂ ಕಾಲಿಗೆ ಮುಹೂರ್ತ ಇಟ್ಟದ್ದು ನಾನು. ಇವತ್ತೇ ಎಲ್ಲ ಮುಗಿಸಿ ಕೂತ್ರೆ ನಾಳೆ ನಾನು ಎಂತದಕ್ಕೆ ಮಂತ್ರ ಹೇಳುದು? ಖಾಲಿ ಡಬ್ಬಕ್ಕಾ?”

“ಡಬ್ಬ ಖಾಲಿ ಇಲ್ಲ ಭಟ್ರೇ, ತುಂಬಿದೆ,” ಅಂದೆ.

“ತುಂಬಿದ್ದಕ್ಕೆ ಮುಹೂರ್ತ ಇಲ್ಲ. ಖಾಲಿ ಮಾಡು.”

ಮಾಡಿದೆ.

ಶುಕ್ರವಾರ ಏಳೂ ಕಾಲು. ತೆಂಗಿನಕಾಯಿ ಒಡೆಯಿತು, ಕರ್ಪೂರ ಉರಿಯಿತು, ಫ್ಲಾಪಿಗೆ ಹೂವು ಬಿತ್ತು. ಎಂಟರ್ ಒತ್ತಿದೆ. ಪರದೆಯಲ್ಲಿ ‘ಎರರ್ ನಾಲ್ಕು’ ಎಂದು ಬಂತು. ಮತ್ತೆ ಒತ್ತಿದೆ, ಅದೇ. ಫ್ಲಾಪಿ ತೆಗೆದು ಊದಿ ಹಾಕಿದೆ, ಅದೇ. ಭಟ್ಟರು ಮಂತ್ರ ನಿಲ್ಲಿಸಿ, “ನನ್ನ ಕಡೆಯಿಂದ ಎಂತದೂ ಕಮ್ಮಿ ಆಗ್ಲಿಲ್ಲ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಆಮೇಲೆ ಶುರುವಾಯಿತು ನೋಡಿ ರಿಪೇರಿ. ವೋಲ್ಟೇಜ್ ಸಾಲುತ್ತಿಲ್ಲ ಎಂದರು ದೊಡ್ಡಪ್ಪ. ನಿಜ, ಅಡುಗೆಮನೆಯ ಗ್ರೈಂಡರ್ ಸುತ್ತಿದರೆ ಲೈಟು ಮಂಕಾಗುತ್ತಿತ್ತು. ಮಧ್ಯಾಹ್ನವಿಡೀ ಗ್ರೈಂಡರ್ ನಿಲ್ಲಿಸಿದರು. ಎರರ್ ನಾಲ್ಕು ಅಲ್ಲೇ ಇತ್ತು. ಸೆಕೆಗೆ ಫ್ಲಾಪಿ ಮೆತ್ತಗಾಗಿದೆ ಎಂದ ದೊಡ್ಡಮ್ಮ ಅದನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟರು. ಭಟ್ಟರು ಕಂಪ್ಯೂಟರನ್ನು ಪೂರ್ವಕ್ಕೆ ತಿರುಗಿಸಿದರು. ಈಗ ಅದರ ಮುಖ ಗೋಡೆಗೆ. ನಾನು ಗೋಡೆಗೂ ಪರದೆಗೂ ನಡುವೆ ಹಲ್ಲಿಯ ಹಾಗೆ ನುಸುಳಿ ಟೈಪ್ ಮಾಡಿದೆ. ಎರರ್ ನಾಲ್ಕು.

ಶನಿವಾರ ಬೆಳಿಗ್ಗೆ ಹೋಟೆಲಿನಲ್ಲಿ ರುಬ್ಬಿದ ದೋಸೆ ಹಿಟ್ಟೇ ಇಲ್ಲ. ಬೋರ್ಡಿನಲ್ಲಿ ‘ದೋಸೆ ಇಲ್ಲ’ ಎಂದು ಬರೆಯಬೇಕಾಯಿತು. ದಿನಾ ಬರುವ ಒಬ್ಬ ಮುದುಕರು ನನ್ನನ್ನೇ ಹಿಡಿದು, “ಎನ್ನ ತಂಬಿ, ಕಂಪ್ಯೂಟರ್ ದೋಸೆಯೆಲ್ಲಾಂ ಸಾಪ್ಟಿಡಿಚ್ಚಾ?” ಎಂದು ಕೇಳಿದರು. ಕಂಪ್ಯೂಟರ್ ತಿಂದಿದ್ದರೂ ಬೇಸರವಿರಲಿಲ್ಲ, ಅದು ಏನನ್ನೂ ಒಳಗೆ ತೆಗೆದುಕೊಳ್ಳುತ್ತಲೇ ಇರಲಿಲ್ಲ.

ಉಳಿದದ್ದು ಒಂದೇ ದಿನ. ತಣ್ಣಗಿದ್ದ ಫ್ಲಾಪಿ ಹಿಡಿದು ಬಸ್ಸು ಹತ್ತಿದೆ. ಪ್ರೋಗ್ರಾಂ ಬರೆದವರು ಮಾಧವರಂನ ಕಾಲನಿಯಲ್ಲಿದ್ದ ಒಬ್ಬ ಕಾಲೇಜು ಮೇಷ್ಟ್ರು. ಹಣೆ ತುಂಬ ವಿಭೂತಿ. ಎರರ್ ನಾಲ್ಕು ಎಂದ ಕೂಡಲೇ ಮೂರು ಬೆರಳು ಎತ್ತಿದರು.

“ಮೂಣು ದಡವೈ ದಾನ್ ತಂಬಿ. ನಾಲಾವದು ಕಿಡೈಯಾದು.”

ಮೂರೇ ಸಲ, ನಾಲ್ಕನೆಯದು ಇಲ್ಲವಂತೆ. ವಿಷಯ ಇಷ್ಟು. ಒಬ್ಬರು ಕೊಂಡು ಬೀದಿಗೆಲ್ಲ ಹಂಚಬಾರದೆಂದು ಅವರು ಫ್ಲಾಪಿಗೆ ಬೀಗ ಹಾಕಿದ್ದರು. ಮೂರು ಸಲ ಮಾತ್ರ ಒಳಗೆ ಹೋಗುತ್ತದೆ. ಅಳಿಸುವ ಮೊದಲು ‘ವಾಪಸ್’ ಎಂದು ಒಂದು ಕಮಾಂಡ್ ಕೊಟ್ಟರೆ ಆ ಒಂದು ಸಲದ ಲೆಕ್ಕ ಫ್ಲಾಪಿಗೆ ಮರಳುತ್ತದೆ. ನಾನು ಮೂರನ್ನೂ ಫಾರ್ಮ್ಯಾಟ್ ಮಾಡಿ ಕೊಂದಿದ್ದೆ. ಇದನ್ನೆಲ್ಲ ಬರೆದಿದ್ದ ಹಾಳೆ ಫ್ಲಾಪಿಯ ಕವರಿನಲ್ಲೇ ಇತ್ತು. ಓದಿರಲಿಲ್ಲ.

ಯಾಕೆ ಅಳಿಸಿದೆ ಎಂದು ಕೇಳಿದರು. ಬೈಸಿಕೊಳ್ಳಲು ತಯಾರಾಗಿ ರಾಹುಕಾಲ, ವಡೆ, ಮುಹೂರ್ತ ಎಲ್ಲ ಹೇಳಿದೆ. ಮೇಷ್ಟ್ರು ತಲೆದೂಗಿದರು. ದೊಡ್ಡಪ್ಪ ಹೇಳಿದ್ದು ಸರಿಯಂತೆ, ದೊಡ್ಡಮ್ಮ ಹೇಳಿದ್ದೂ ಸರಿಯಂತೆ, ಭಟ್ಟರದ್ದಂತೂ ತುಂಬಾ ಸರಿಯಂತೆ. ನನಗೆ ಜೀವ ಬಂತು. ಹಾಗಾದರೆ ಹೊಸ ಫ್ಲಾಪಿ ಈಗಲೇ ಕೊಡುತ್ತೀರಾ ಎಂದು ಕೇಳಿದೆ.

“ಈಗಲಾ?” ಗಾಬರಿಯಾದರು. ಕೃಷ್ಣಪಕ್ಷದಲ್ಲಿ ಅವರು ಹೊಸ ಬೀಗ ಮಾಡುವುದಿಲ್ಲವಂತೆ. ಅಮಾವಾಸ್ಯೆ ಕಳೆಯಬೇಕು. ಇನ್ನೂ ಹತ್ತು ದಿನ.

ವಾಪಸ್ ಬಂದು ದೊಡ್ಡಪ್ಪನಿಗೆ ಹೇಳಿದೆ. ಬೈಯಲಿಲ್ಲ. ಸುಮ್ಮನೆ ಟೋಕನ್ ಕೌಂಟರಿನ ಸ್ಟೂಲು ನೋಡಿದರು, ಆಮೇಲೆ ದೇವರ ಕೋಣೆ ನೋಡಿದರು.

“ಪ್ರಿಂಟರ್ ಸರಿ ಉಂಟಲ್ಲ?”

“ಉಂಟು. ಟೈಪ್ ಮಾಡಿದ್ದು ಪ್ರಿಂಟ್ ಆಗ್ತದೆ.”

“ಭಟ್ರೇ, ಸ್ವಲ್ಪ ಇಲ್ಲಿ ಬನ್ನಿ.”

ಭಾನುವಾರ ಬೆಳಿಗ್ಗೆ ಓಪನಿಂಗ್ ಆಯಿತು. ಕ್ಯಾಬಿನ್ನಿನಲ್ಲಿ ಕಂಪ್ಯೂಟರ್, ಅದರ ಹಿಂದೆ ಹೂವಿನ ಬಟ್ಟೆಯ ಪರದೆ, ಪರದೆಯ ಹಿಂದೆ ಪಂಚಾಂಗ ಹಿಡಿದ ಭಟ್ಟರು. ನಾನು ಗಿರಾಕಿಯ ಹುಟ್ಟಿದ ಗಳಿಗೆಯನ್ನು ಜೋರಾಗಿ ಓದುತ್ತೇನೆ, ಅವರು ಲೆಕ್ಕ ಹಾಕಿ ಬಟ್ಟೆಯ ಕೆಳಗಿಂದ ಚೀಟಿ ತಳ್ಳುತ್ತಾರೆ, ನಾನು ಟೈಪ್ ಮಾಡುತ್ತೇನೆ, ಪ್ರಿಂಟರ್ ಕಿರ್ರೆನ್ನುತ್ತದೆ. ಪ್ರಿಂಟಾದ ಕಾಗದವನ್ನು ಜನ ಕಣ್ಣಿಗೊತ್ತಿಕೊಂಡರು. ಬ್ಯಾಂಕಿನಲ್ಲಿದ್ದ ಕನ್ನಡದವರೊಬ್ಬರು ಆಶ್ಚರ್ಯಪಟ್ಟರು: “ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿ ಅಂತ ನಿಮ್ಮ ಭಟ್ಟರೂ ಹೇಳಿದ್ರು ಕಣ್ರೀ. ಕಂಪ್ಯೂಟರೂ ಅದನ್ನೇ ಹೇಳ್ತಿದೆ ಅಂದ್ರೆ ಇನ್ನು ಹಚ್ಚಲೇಬೇಕು.” ಪರದೆಯ ಹಿಂದೆ ಯಾರೋ ತೃಪ್ತಿಯಿಂದ ಕೆಮ್ಮಿದರು.

ಕ್ಯಾಬಿನ್ ನನ್ನದಾಯಿತು. ಆದರೆ ಭಟ್ಟರಿಗೆ ಎಸಿ ಆಗದು. ಹತ್ತೇ ನಿಮಿಷಕ್ಕೆ ಪರದೆಯ ಹಿಂದಿನಿಂದ, “ಮಾಣಿ, ಮಂಡಿ ಹಿಡೀತಾ ಉಂಟು, ಅದನ್ನು ಬಂದ್ ಮಾಡು,” ಎಂದು ಚೀಟಿ ಬಂತು. ಬಂದ್ ಮಾಡಿದೆ. ಗಾಜಿನ ಬಾಗಿಲು, ಕಿಟಕಿ ಇಲ್ಲ, ಫ್ಯಾನು ಹಾಕಿದರೆ ಚೀಟಿ ಹಾರುತ್ತದೆ. ಟೋಕನ್ ಕೌಂಟರಿನಲ್ಲಿ ಗಾಳಿಯಾದರೂ ಇತ್ತು.

ಅಮಾವಾಸ್ಯೆ ಕಳೆದು ಹೊಸ ಫ್ಲಾಪಿ ಬಂತು. ಒಂದೇ ಏಟಿಗೆ ಒಳಗೆ ಹೋಯಿತು. ಭಟ್ಟರು ದೇವರ ಕೋಣೆಗೆ ಮರಳಿದರು, ನಾನು ಎಸಿ ಹಾಕಿ ಶರ್ಟಿನ ಗುಂಡಿ ಬಿಚ್ಚಿ ಕೂತೆ. ಎರಡು ದಿನ ಸ್ವರ್ಗ. ಮೂರನೆಯ ದಿನ ಬ್ಯಾಂಕಿನವರು ಮಗಳ ಜಾತಕದ ಎರಡು ಕಾಗದ ಹಿಡಿದು ಬಂದರು, ಹಳೆಯದೊಂದು, ಹೊಸದೊಂದು. ಹಳೆಯದರಲ್ಲಿ ಮದುವೆ ಈ ವರ್ಷ, ಹೊಸದರಲ್ಲಿ ಇನ್ನು ನಾಲ್ಕು ವರ್ಷ ಇಲ್ಲ.

“ನಿಮ್ಮ ಕಂಪ್ಯೂಟರ್ ಮೊದಲು ಚೆನ್ನಾಗಿತ್ತು. ಈಗ ಏನೋ ಕೆಟ್ಟಿದೆ,” ಅಂದರು.

ದೊಡ್ಡಪ್ಪ ಎರಡೂ ಕಾಗದ ನೋಡಿದರು. ನನ್ನನ್ನು ನೋಡಿದರು. “ಅಳಿಸು,” ಅಂದರು.

ಈ ಸಲ ಮೊದಲು ವಾಪಸ್ ಕಮಾಂಡ್ ಕೊಟ್ಟು ಆಮೇಲೆ ಅಳಿಸಿದೆ. ಆ ಫ್ಲಾಪಿ ಈಗಲೂ ನನ್ನ ಕಪಾಟಿನಲ್ಲಿದೆ, ಮೂರಕ್ಕೆ ಮೂರೂ ಸಲ ಹಾಗೇ ಉಳಿದಿವೆ. ಅಳಿಸಿ ಮುಗಿಸುವಷ್ಟರಲ್ಲಿ ಭಟ್ಟರು ಪಂಚಾಂಗ ಹಿಡಿದು ಒಳಗೆ ಬಂದಿದ್ದರು. ಅವರು ಕೂರುವ ಮೊದಲೇ ನಾನು ಎದ್ದು ಎಸಿ ಆರಿಸಿದೆ.