ಅಳಿಯನ ಹೊಟ್ಟೆ

ನನ್ನ ಅಳಿಯನಿಗೆ ಸಿನಿಮಾ ಕೆಲಸ ನಿಂತದ್ದು ಹೊಟ್ಟೆ ಕರಗಿದ್ದರಿಂದ. ಗ್ರಹಚಾರ, ಕಣ್ಣು ಬಿತ್ತು ಎಂದು ಬ್ಯಾಟರಾಯನಪುರದ ನೆಂಟರು ಏನೇನೋ ಹೇಳುತ್ತಾರೆ. ಸುಳ್ಳು.

ಅವನು ನನ್ನ ತಮ್ಮನ ಮಗ. ಮಗಳನ್ನು ಕೊಟ್ಟು ಮನೆಯಲ್ಲೇ ಇಟ್ಟುಕೊಂಡೆವು. ಪಿಚ್ಚರಿನಲ್ಲಿ ಅವನ ಕೆಲಸವೆಂದರೆ ಲುಂಗಿ ಜಾರಿಸಿಕೊಳ್ಳುವುದು, ಹೆಂಡತಿಯ ಕೈಲಿ ಪೊರಕೆಯೇಟು ತಿನ್ನುವುದು, ತಿಪ್ಪೆಗೆ ಬೀಳುವುದು. ಬಾಗಿಲಲ್ಲಿ ಮೊದಲು ಹೊಟ್ಟೆ ಕಾಣಿಸಿದರೆ ಸಾಕು, ಜನ ನಗುತ್ತಿದ್ದರು. ಮಾತುಗಳು ಹೊಲಸು, ಟೀವಿಯಲ್ಲಿ ಬಂದರೆ ನನ್ನ ಮಗಳೇ ಆರಿಸುತ್ತಿದ್ದಳು. ಆದರೂ ಈ ಮನೆಯ ಮೇಲಂತಸ್ತು ಕಟ್ಟಿಸಿದ್ದು ಆ ಹೊಟ್ಟೆಯೇ.

ಆಮೇಲೆ ಗಡ್ಡದ ಡೈರೆಕ್ಟರೊಬ್ಬರು ಬಂದರು. ಪ್ರಶಸ್ತಿಗೆ ಹೋಗುವಂಥ ಪಿಚ್ಚರು ತೆಗೆಯುವವರಂತೆ. ಕಾಯಿಲೆ ಬಿದ್ದು ಸಾಯುವ ನೇಕಾರನ ಪಾತ್ರ, ಹೊಟ್ಟೆ ಇರಕೂಡದು ಎಂದರು. ಇವನು ಮುದ್ದೆ ಬಿಟ್ಟ. ಸೌತೆಕಾಯಿ ತಿಂದುಕೊಂಡು ಸಹಕಾರನಗರದ ಪಾರ್ಕಿನಲ್ಲಿ ಸುತ್ತಿದ. ಬೇಡವೆಂದೆ, ಕೇಳಲಿಲ್ಲ. ಗೂಟದ ಹಾಗಾದ.

ಯಶವಂತಪುರದಲ್ಲಿ ಆ ಪಿಚ್ಚರು ನೋಡಲು ಹೋದಾಗ ಕುರ್ಚಿಗಳೆಲ್ಲ ಖಾಲಿ ಹೊಡೆಯುತ್ತಿದ್ದವು. ಇವನು ಸಾಯುವಾಗ ಹಿಂದಿನ ಸಾಲಿನವನೊಬ್ಬ ನಗಲು ಶುರು ಮಾಡಿ, ಯಾರೂ ಜೊತೆಗೂಡದ್ದಕ್ಕೆ ನಿಲ್ಲಿಸಿದ. ಪೇಪರಿನಲ್ಲಿ ಹೊಗಳಿ ಬರೆದರಂತೆ. ಅಷ್ಟೇ. ಮುಂದಿನ ಪಿಚ್ಚರಿಗೆ ಗಡ್ಡದವರು ಹೊಸ ಮುಖ ಹುಡುಕಿಕೊಂಡರು. ಬೇರೆಯವರು ಯಾರೂ ಕರೆಯಲಿಲ್ಲ.

ಕೊನೆಗೆ ಹಳೆಯ ಕಾಮಿಡಿ ಡೈರೆಕ್ಟರು ಮನೆಗೆ ಬಂದವನು ಇವನನ್ನು ನೋಡಿ ಬಾಗಿಲಲ್ಲೇ ನಿಂತ.

"ಏನ್ ಗುರು, ಹೊಟ್ಟೆ ಎಲ್ಲಿ ಬಿಟ್ಬಂದೆ?"

ಕಾಫಿ ಕುಡಿದು ವಿಷಯ ಹೇಳಿದ. ಯುಗಾದಿ ಕಳೆದ ಮೇಲೆ ಶೂಟಿಂಗು. ಅಷ್ಟರಲ್ಲಿ ಹೊಟ್ಟೆ ಬಂದರೆ ಪಾತ್ರ ಇವನದು. ಇಲ್ಲದಿದ್ದರೆ ಆರ್.ಟಿ. ನಗರದಲ್ಲಿ ಇನ್ನೊಬ್ಬ ದಪ್ಪನೆಯವನು ಕಾಯುತ್ತಿದ್ದಾನೆ.

ಅವನು ಹೋದ ಮೇಲೆ ಅಳಿಯ ಅಡುಗೆಮನೆಗೆ ಬಂದು ಗೋಡೆಗೊರಗಿ ಕೂತ. ನಾನು ಅವರೆಕಾಯಿ ಸುಲಿಯುತ್ತಿದ್ದೆ.

"ಅತ್ತೆ, ಆ ಸಾಯೋ ಪಿಚ್ಚರಲ್ಲಿ ನಾನು ಚೆನ್ನಾಗ್ ಮಾಡಿದ್ನಾ?"

ಹಿಂದಿನ ಯಾವ ಪಿಚ್ಚರಿಗೂ ಅವನು ಹೀಗೆ ಕೇಳಿದ್ದಿಲ್ಲ.

"ಮಾಡಿದ್ದೆ ಕಣೋ. ನಿಜವಾಗ್ಲೂ ಸತ್ತೋದ ಅಂತ ನಾನೇ ಬೆಚ್ಬಿದ್ದೆ. ಆದ್ರೆ ಸತ್ತೋನಿಗೆ ಯಾರು ಕೆಲ್ಸ ಕೊಡ್ತಾರೆ? ಹೊಟ್ಟೆ ಬೆಳೆಸು."

"ಗಡ್ಡದೋರು ಮತ್ತೆ ಕರೆದ್ರೆ?"

"ಕರೆದಾಗ ಕರಗ್ಸು."

ಅವನು ಒಂದು ಹಿಡಿ ಕಾಯಿ ಎಳೆದುಕೊಂಡು ಸುಲಿಯತೊಡಗಿದ. ಸುಲಿದ ಕಾಳನ್ನು ನೆನೆಹಾಕಿ ಮಲಗಿದೆ.

ಮಾರನೆಯ ಬೆಳಿಗ್ಗೆ ಕಾಳು ಹಿತುಕಿ ಸಾರು ಮಾಡಿದೆ. ಅವನ ಮುದ್ದೆಯನ್ನು ಮೊದಲಿನ ಗಾತ್ರಕ್ಕೇ ಕಟ್ಟಿ, ಮೇಲೆ ತುಪ್ಪ ಬಿಟ್ಟು, ತಟ್ಟೆಯನ್ನು ಅವನ ಮುಂದೆ ಇಟ್ಟೆ.