ಐದು ಚೀಟಿಗಳಲ್ಲಿ ಒಂದು

ಆ ಗುರುವಾರ ನನ್ನ ಯಜಮಾನರು ಅಮರೇಶ ಮಧ್ಯಾಹ್ನವೇ ಕೆಲಸದಿಂದ ಬಂದರು. ಕುವೈತಿನ ಅಬು ಹಲೀಫಾದಲ್ಲಿ ನಮ್ಮದು ಒಂದೇ ಕೋಣೆ. ಗ್ರೀಸ್ ಹತ್ತಿದ ಬಟ್ಟೆ ನೆನೆಸಿದೆ. ಅವರು ಐದು ವರ್ಷದ ಮಗಳು ಸೀಮಾಳನ್ನು ಸಮುದ್ರದ ದಂಡೆಗೆ ಕರೆದೊಯ್ದರು. ಇಬ್ಬರೂ ಕಾಲಿಗೆ ಮರಳು ಮೆತ್ತಿಕೊಂಡು ಬಂದರು. ಈಗತಾನೇ ನೆಲ ಒರೆಸಿದ್ದೇನೆ ಎಂದು ಬೈದೆ. ಬೇರೆ ಏನೂ ಆಗಲಿಲ್ಲ.

ಅದು ೨೦೦೩. ಇರಾಕಿನಲ್ಲಿ ಯುದ್ಧ. ಯಜಮಾನರು ಶುವೈಖ್‌ನ ಒಂದು ಗ್ಯಾರೇಜಿನ ಐವರು ಲಾರಿ ಮೆಕ್ಯಾನಿಕ್‌ಗಳಲ್ಲಿ ಒಬ್ಬರು. ಸೈನ್ಯಕ್ಕೆ ಸಾಮಾನು ಒಯ್ಯುವ ಲಾರಿಗಳ ಸಂಗಡ ಒಬ್ಬ ಮೆಕ್ಯಾನಿಕ್ ಗಡಿ ದಾಟಬೇಕು ಎಂದು ಮ್ಯಾನೇಜರ್ ಹೇಳಿದ್ದ. ಯಾರೆಂದು ನೀವೇ ಆರಿಸಿ, ಯಾರೂ ಹೋಗದಿದ್ದರೆ ಐವರ ಇಕಾಮಾವೂ ಖಲಾಸ್ ಎಂದಿದ್ದ. ಇಕಾಮಾ ಹೋದರೆ ಈ ದೇಶದಲ್ಲಿ ಇರುವ ಹಾಗಿಲ್ಲ.

ಶುಕ್ರವಾರ ಉಳಿದ ನಾಲ್ವರೂ ನಮ್ಮ ಮನೆಗೆ ಬಂದರು. ಎಲ್ಲರೂ ನಮ್ಮ ಬಾಗಲಕೋಟೆ ಕಡೆಯವರೇ. ಐದು ಹೆಸರು ಬರೆದು ಚೀಟಿ ಸುತ್ತಿ ತಂಬಿಗೆಗೆ ಹಾಕಿದರು. ಯಾರು ತೆಗೆಯಬೇಕು ಎಂಬುದಕ್ಕೆ ಜಗಳ ಬಂತು. ಊರಲ್ಲಿ ಹೊಲ ಪಾಲು ಮಾಡುವಾಗ ಚೀಟಿಯನ್ನು ಸಣ್ಣ ಕೂಸಿನಿಂದಲೇ ತೆಗೆಸುತ್ತಾರೆ. ಹಿರಿಯರಾದ ಬಾಳಾಸಾಹೇಬರು ಅದನ್ನೇ ಹೇಳಿದರು.

"ಕೂಸಿನ ಕೈಲೆ ತಗಸೂಣು. ಕೂಸಿಗೆ ನಮ್ಮವರು, ಮಂದಿ ಅನ್ನೂದು ಇರಂಗಿಲ್ಲ."

ಯಜಮಾನರು ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಆಡುತ್ತಿದ್ದವಳನ್ನು ಕರೆದು, ಕೈ ತೊಳೆಸಿ, ನಡುವೆ ಕೂಡಿಸಿದವಳು ನಾನೇ. ಅವಳಿಗೆ ಇನ್ನೂ ಓದಲು ಬರುತ್ತಿರಲಿಲ್ಲ. ಒಂದು ಚೀಟಿ ಎತ್ತಿ ಅಪ್ಪನ ಕೈಗೆ ಕೊಟ್ಟಳು. ಅವರು ಬಿಚ್ಚಿ ನೋಡಿದರು.

"ಶಾಣ್ಯಾಕಿ ನನ್ನ ಮಗಳು. ಅಪ್ಪನ್ನ ಬಿಟ್ಟು ಯಾರನ್ನೂ ಎತ್ತಲಿಲ್ಲ ನೋಡ್ರಿ," ಎಂದರು.

ಮಗಳೊಬ್ಬಳೇ ನಕ್ಕಳು.

ಹೋದ ಒಂಬತ್ತನೆಯ ದಿನ ಬಸ್ರಾದ ಆಚೆ ಅವರಿದ್ದ ಲಾರಿ ಸುಟ್ಟುಹೋಯಿತು. ಊರಿಗೆ ಒಯ್ದು ಮಣ್ಣು ಕೊಟ್ಟೆವು. ಊರಲ್ಲಿ ಕುಳಿತು ಏನು ತಿನ್ನಲಿ? ಇಲ್ಲಿನ ಒಂದು ಶಾಲೆಯಲ್ಲಿ ಆಯಾ ಕೆಲಸ ಸಿಕ್ಕಿತು, ಮಗಳನ್ನು ಕರೆದುಕೊಂಡು ತಿರುಗಿ ಬಂದೆ. ಅಪ್ಪನನ್ನು ಕಳಿಸಿದ್ದು ಮ್ಯಾನೇಜರ್ ಎಂದು ಅವಳಿಗೆ ಹೇಳಿದೆ. ನಾಲ್ವರಿಂದಲೂ ಆಣೆ ಮಾಡಿಸಿದೆ. ತಾನು ಎತ್ತಿದ ಚೀಟಿಯಿಂದಲೇ ಅಪ್ಪ ಹೋದದ್ದು ಎಂದು ಅವಳಿಗೆ ಗೊತ್ತಾಗಬಾರದು. ನನಗೆ ಬೇರೆ ಆಸೆ ಇರಲಿಲ್ಲ.

ಯಜಮಾನರು ತೀರಿದ ದಿನಕ್ಕೆ ನಾಲ್ವರೂ ಪ್ರತಿ ವರ್ಷ ಬಂದು ಉಂಡು ಹೋಗುತ್ತಾರೆ. ಹನ್ನೊಂದನೆಯ ವರ್ಷ ಸೀಮಾ ಸಕ್ಕರೆ ತರಲು ಅಂಗಡಿಗೆ ಹೋಗಿದ್ದಳು. ಅವರಲ್ಲಿ ಚಿಕ್ಕವನಾದ ಅಭಿನಂದನ ಬಾಯಿ ಬಿಟ್ಟ. ಸೀಮಾ ತಂಬಿಗೆಯಲ್ಲಿ ಕೈ ಹಾಕಿದಾಗ ಅವನು ಕಣ್ಣು ಮುಚ್ಚಿ ದೇವರನ್ನು ಬೇಡಿಕೊಂಡನಂತೆ.

"ಅಕ್ಕಾರ, ಅಣ್ಣನ ಹೆಸರು ಬಂತಲ್ರಿ, ನನಗ ಖುಷಿ ಆತ್ರಿ."

"ಎಲ್ಲಾರಿಗೂ ಆಗಿತ್ತು. ಚಾ ಕುಡಿ," ಎಂದೆ.

ಸೀಮಾ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. ಮ್ಯಾನೇಜರ್ ಅಂತ ನಾನು ಶುರು ಮಾಡಿದೆ. ಅವಳು ಮುಗಿಸಲು ಬಿಡಲಿಲ್ಲ.

"ಐ ರಿಮೆಂಬರ್, ಮಮ್ಮಿ. ಚೀಟಿ ಓಪನ್ ಮಾಡುವಾಗ ಪಪ್ಪಾನ ಕೈ ನಡಗಾಕತ್ತಿತ್ತು."

ಅದನ್ನು ನಾನು ನೋಡಿರಲಿಲ್ಲ. ಅಲ್ಲಿದ್ದ ಯಾರೂ ಹೇಳಿಯೂ ಇರಲಿಲ್ಲ. ಹನ್ನೊಂದೂ ವರ್ಷ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳೋ, ನಡುವೆ ಎಂದೋ ನೆನಪಾಯಿತೋ, ನಾನು ಕೇಳಲಿಲ್ಲ. ಸಕ್ಕರೆ ಪೊಟ್ಟಣವನ್ನು ನೆಲಕ್ಕಿಟ್ಟು ಒಳಗೆ ಹೋದಳು.

ಆ ನಾಲ್ವರ ಮನೆಯವರೆಲ್ಲ ಊರಲ್ಲಿದ್ದಾರೆ. ಅದಕ್ಕೇ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಇಲ್ಲಿರುವ ಈ ನಾಲ್ವರಿಗೆ ನಾನು ರೊಟ್ಟಿ ಬಡಿಯುತ್ತೇನೆ. ಒಬ್ಬರಿಗೆ ಮೂರರಂತೆ ಬುತ್ತಿ ಕಟ್ಟುತ್ತೇನೆ. ಗ್ಯಾರೇಜಿನ ವ್ಯಾನಿಗೆ ಅದನ್ನು ಕೊಟ್ಟು ಬರುವುದು ಮೊದಲು ಸೀಮಾಳ ಕೆಲಸವಾಗಿತ್ತು. ಆ ದಿನದಿಂದ ಅವಳು ಬುತ್ತಿ ಮುಟ್ಟುವುದಿಲ್ಲ. ನಾನೇ ಮೂರು ಮಹಡಿ ಇಳಿದು ಕೊಟ್ಟು ಬರುತ್ತೇನೆ.