ಅಡುಗೆಮನೆಯಲ್ಲಿ ನಿಲ್ಲಿಸಿದ ಸಾಕ್ಷಿ

ತಿಮೋಕ್ ನದಿ ದಂಡೆಯ ನಮ್ಮ ಪಟ್ಟಣಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರೈಲು ನಿಲ್ದಾಣದ ಹಿಂದಿನ ಹಳೆಯ ಕಟ್ಟಡದಲ್ಲಿ ಶುಚಿ ಕೆಲಸದ ಹೆಂಗಸು ಸ್ತಾಮೆಂಕಾ ಮೆಟ್ಟಿಲು ಒರೆಸುತ್ತಾ ಇಳಿಯುತ್ತಿದ್ದಾರೆ. ಮೂರನೇ ಮಹಡಿಯ ಲ್ಯುಬಿಂಕಾ ಬಾಗಿಲು ತೆರೆದವರು ಇವರನ್ನು ಕಂಡು ಮುಖ ತಿರುಗಿಸಿ, ಒದ್ದೆ ನೆಲದ ಮೇಲೇ ಬೂಟುಗಾಲಿಟ್ಟು ಹೋಗುತ್ತಾರೆ.

"ಬೇಕಂತಲೇ ತುಳೀತಾಳೆ. ತುಳೀಲಿ ಬಿಡಿ, ಬಟ್ಟೆ ನನ್ನ ಕೈಲೇ ಇದೆಯಲ್ಲ" ಎಂದು ಸ್ತಾಮೆಂಕಾ ಮತ್ತೆ ಒರೆಸುತ್ತಾರೆ.

ಈ ಮುನಿಸಿಗೆ ಎರಡು ವರ್ಷ. ಅಂದು ಬೆಳಿಗ್ಗೆ ಪೊಲೀಸರು ಇದೇ ಕಟ್ಟಡದ ಎರಡನೇ ಮಹಡಿಯ ಮೆಕ್ಯಾನಿಕ್ ಸಿನಿಶಾನ ಮನೆ ಶೋಧಿಸಲು ಬಂದರು. ಕಾನೂನಿನ ಪ್ರಕಾರ ಶೋಧ ಇಬ್ಬರು ಸಾಕ್ಷಿಗಳ ಕಣ್ಣೆದುರೇ ನಡೆಯಬೇಕು. ಕೈಗೆ ಸಿಕ್ಕವರು ಬಕೆಟ್ ಹಿಡಿದಿದ್ದ ಸ್ತಾಮೆಂಕಾ, ಬ್ರೆಡ್ ತರಲು ಹೊರಟಿದ್ದ ನಿವೃತ್ತ ರೈಲ್ವೆ ನೌಕರ ವಿತೊಮಿರ್. ಇಬ್ಬರನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿ, ಪೊಲೀಸರು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಬಂದಾಗ ಅಧಿಕಾರಿಯ ಕೈಯಲ್ಲಿ ಮಾದಕ ಪುಡಿಯ ಪೊಟ್ಟಣವಿತ್ತು.

"ಹಾಸಿಗೆ ಕೆಳಗಿತ್ತು. ಸಹಿ ಹಾಕಮ್ಮ, ಕೆಲಸಕ್ಕೆ ಹೋಗು."

ಕಣ್ಣಾರೆ ಕಂಡೆವೆಂಬ ಕಾಗದಕ್ಕೆ ಇಬ್ಬರೂ ಸಹಿ ಹಾಕಿದರು. ವಿಚಾರಣೆಯಲ್ಲಿ ವಿತೊಮಿರ್ "ನೆನಪಿಲ್ಲ" ಎಂದು ಜಾರಿಕೊಂಡರು. ಸ್ತಾಮೆಂಕಾ ಜಾರಿಕೊಳ್ಳಲಿಲ್ಲ.

"ಸಹಿ ನಿಮ್ಮದೇ ತಾನೆ?" ಸರ್ಕಾರಿ ವಕೀಲರು ಕೇಳಿದರು.

"ನಂದೇ. ಹೆದರಿ ಹಾಕಿದ್ದು."

"ಮನೆಯೊಳಗೇ ಇದ್ದಿರಿ ಅಂತಾಯ್ತಲ್ಲ?"

"ಅಡುಗೆಮನೇಲಿದ್ದೆ. ಒಲೆ ಮೇಲಿದ್ದ ಬೀನ್ಸ್ ಸಾರು ನೋಡ್ದೆ, ಪೊಟ್ಟಣ ಸಿಕ್ಕಿದ್ದು ನೋಡ್ಲಿಲ್ಲ. ಮುಚ್ಚಿದ ಬಾಗಿಲಿನ ಆಚೆ ನೋಡೋಕೆ ನಾನೇನು ದೇವರಾ ಸ್ವಾಮಿ?"

"ಸುಳ್ಳು ಹೇಳಿದ್ರೆ ಜೈಲು, ಗೊತ್ತಾ?"

"ಅದಕ್ಕೇ ನಿಜ ಹೇಳ್ತಿರೋದು."

ಸಾಕ್ಷಿಗಳ ಬೆನ್ನ ಹಿಂದೆ ನಡೆದ ಶೋಧದ ಪೊಟ್ಟಣ ಪುರಾವೆಯಾಗಲಾರದು ಎಂದು ನ್ಯಾಯಾಧೀಶೆ ಅದನ್ನು ಬದಿಗಿಟ್ಟರು. ಬೇರೆ ಪುರಾವೆ ಇರಲಿಲ್ಲ. ಸಿನಿಶಾ ಬಿಡುಗಡೆಯಾದ. ಆದರೆ ಅವನು ಪುಡಿ ಮಾರುತ್ತಿದ್ದನೆಂದೇ ಬೀದಿಯ ನಂಬಿಕೆ. ಲ್ಯುಬಿಂಕಾರ ತಮ್ಮ ಅದೇ ಚಟದಿಂದ ಆಸ್ಪತ್ರೆ ಸೇರಿದ್ದರು. ಅವನನ್ನು ಬಿಡಿಸಿದ್ದು ಇವರೇ ಎಂಬ ಸಿಟ್ಟಿಗೆ ಪಕ್ಕದ ಎರಡು ಕಟ್ಟಡಗಳ ಕೆಲಸ ಸ್ತಾಮೆಂಕಾರ ಕೈತಪ್ಪಿತು.

"ಲ್ಯುಬಿಂಕಾಳ ಸಂಕಟ ಸುಳ್ಳಲ್ಲ. ಆ ಸಿನಿಶಾನೋ, ಈಗ್ಲೂ ನಾನು ಒರೆಸಿದ ಮೆಟ್ಟಿಲ ಮೇಲೇ ಸಿಗರೇಟು ತುಂಡು ಎಸೀತಾನೆ, ದರಿದ್ರದವನು! ಕೋರ್ಟಲ್ಲಿ ನಾನು ಹೇಳಿದ್ದು ಅವನಿಗೋಸ್ಕರ ಅಲ್ಲ. ತಪ್ಪು ಮಾಡಿದ್ರೆ ಸರಿಯಾಗಿ ಹುಡುಕಿ ಹಿಡೀಲಿ. ನನ್ನ ಕಣ್ಣು ನೋಡದೇ ಇರೋದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ, ಅಷ್ಟೆ."

ಕಳೆದ ತಿಂಗಳು ಎರಡನೇ ಮಹಡಿಯ ಇನ್ನೊಂದು ಮನೆಗೆ ಪೊಲೀಸರು ಬಂದರು. ಅದೇ ಅಧಿಕಾರಿ. "ಈಯಮ್ಮ ಬೇಡ, ಬೇರೆ ಯಾರನ್ನಾದ್ರೂ ಕರೀರಿ" ಅಂದರಂತೆ. ಅಂಚೆಯವನೊಬ್ಬ ಸಿಕ್ಕ. ಎರಡನೇ ಸಾಕ್ಷಿಗಾಗಿ ತಟ್ಟಿದರೆ ಉಳಿದವರ್ಯಾರೂ ಬಾಗಿಲು ತೆರೆಯಲಿಲ್ಲ.

"ನಾನು ಬರ್ತೀನಿ," ಸ್ತಾಮೆಂಕಾ ಬಕೆಟ್ ಕೆಳಗಿಟ್ಟರು. "ಆದ್ರೆ ನಾನು ಒಳಗೆ ಬರೋವರೆಗೂ ಯಾವ ಕೋಣೇಲೂ ಕೈ ಆಡಿಸ್ಕೂಡದು."

ಆಮೇಲೇನಾಯಿತು ಎಂದು ಕೇಳಿದರೆ ಸ್ತಾಮೆಂಕಾ ಸೊಂಟದ ಮೇಲೆ ಕೈಯಿಟ್ಟು ನಗುತ್ತಾರೆ.

"ಆ ಅಧಿಕಾರಿ ಒಂದೊಂದು ಕೋಣೇಲೂ 'ಬನ್ನಿ ಅಮ್ಮ, ನೀವು ಮೊದಲು' ಅಂದ. ಇಷ್ಟು ವರ್ಷದಿಂದ ಇಲ್ಲಿ ನೆಲ ಒರೆಸ್ತಿದೀನಿ. ನಂಗೋಸ್ಕರ ಬಾಗಿಲು ಹಿಡ್ಕೊಂಡು ನಿಂತೋನು ಅವನೊಬ್ಬನೇ!"